ಗುಂಡುಸೂಜಿ ಬೀಳುವವರೆಗೆ

“ಅಂಟಿಸಿ, ಅಂಟಿಸಿ. ನಾಳೆ ಬೆಳಿಗ್ಗೆ ಇದೂ ಇರೋದಿಲ್ಲ.”

ಬೆನ್ನ ಹಿಂದೆ ಮೇಜರ್ ಥ್ರಿಂಗ್ ಬಂದು ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ. ಚರ್ಚಿನ ಬಾಗಿಲಿಗೆ ಮೈದಾ ಅಂಟು ಸವರಿ, ನೋಟೀಸನ್ನು ಮೂರನೆಯ ಸಲ ಅಂಟಿಸಿ, ನಾಲ್ಕೂ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದೆ.

“ಇರದಿದ್ರೆ ನಾಲ್ಕನೇದು ಅಂಟಿಸ್ತೀನಿ, ಮೇಜರ್ ಸಾಹೇಬ್ರೆ. ಪಡಿತರ ಇರೋದು ಸಕ್ಕರೆಗೆ, ಮೈದಾಗಲ್ಲ.”

ಅವರು ನಗಲಿಲ್ಲ. ಸೆಲ್ವರ್ಕೂಮ್ ಊರಿನ ಪಂಚಾಯಿತಿಗೆ ಅವರು ಅಧ್ಯಕ್ಷರು. ಡಾರ್ಕಸ್ ಪೆಲ್ ಎಂಬ ನಾನು ಗುಮಾಸ್ತೆ. ಇಷ್ಟು ವರ್ಷ ಅವರು ಹೇಳಿದ್ದನ್ನು ನಾನು ತಲೆ ಬಗ್ಗಿಸಿ ಬರೆದುಕೊಂಡಿದ್ದೆ. ಈಗ ನಾನು ಬರೆದದ್ದನ್ನು ಅವರು ನಿಂತು ಓದಬೇಕಾಗಿ ಬಂದಿತ್ತು, ಅದೂ ಚರ್ಚಿನ ಬಾಗಿಲಲ್ಲಿ, ಹೋಗಿಬರುವವರ ಎದುರಿಗೆ.

ಆರು ಮಂದಿ ಮತದಾರರು ಸಹಿ ಹಾಕಿದರೆ ಊರ ಸಭೆ ಸೇರಲೇಬೇಕು. ಅಧ್ಯಕ್ಷರಿಗೆ ಇಷ್ಟವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆ ಆರರಲ್ಲಿ ಮೊದಲ ಸಹಿ ನನ್ನದು. ವಿಷಯ ಎಂಬಲ್ಲಿ ಒಂದೇ ಸಾಲು ಹಾಕಿದ್ದೆ: ಮೇಣದ ಸಂಜೆ ಓದುಮನೆಯಲ್ಲಿ ನಿಜವಾಗಿ ನಡೆದದ್ದೇನು?

“ಆ ತುಂಡು ನಿಮ್ಮ ಹತ್ರ ಇದೆಯಂತೆ,” ಎಂದರು ಮೇಜರ್.

“ಇದೆ. ಏಪ್ರನ್ ಜೇಬಲ್ಲಿ.”

“ಕೊಡಿ ಇಲ್ಲಿ. ಅದು ಪಂಚಾಯ್ತಿ ಆಸ್ತಿ.”

“ಪಂಚಾಯ್ತಿ ಆಸ್ತಿ ಕಾಯೋಕೇ ಅಲ್ವಾ ನನ್ನ ಇಟ್ಕೊಂಡಿರೋದು?”

ಆ ತುಂಡು ಎಂದರೆ ಈ ವರ್ಷದ ಮೇಣದಬತ್ತಿಯ ಉಳಿಕೆ. ಪ್ರತಿ ನವೆಂಬರಿನಲ್ಲಿ ಬರುವ ಮೇಣದ ಸಂಜೆ ಓದುಮನೆಯಲ್ಲಿ, ಅಂದರೆ ಊರ ವಾಚನಾಲಯದಲ್ಲಿ, ನಮ್ಮೂರಿನ ಲ್ಯಾಮಸ್ ಹುಲ್ಲುಗಾವಲನ್ನು ಮುಂದಿನ ವರ್ಷಕ್ಕೆ ಯಾರು ಕೊಯ್ಯಬೇಕೆಂದು ತೀರ್ಮಾನಿಸುವುದು ಮನುಷ್ಯರಲ್ಲ, ಮೇಣದಬತ್ತಿ. ಬತ್ತಿಯ ಬದಿಗೊಂದು ಗುಂಡುಸೂಜಿ ಚುಚ್ಚಿ ಹಚ್ಚುತ್ತಾರೆ. ಸೂಜಿ ಬಿದ್ದ ಗಳಿಗೆಯಲ್ಲಿ ಯಾರ ಹರಾಜು ಕೂಗು ಕೊನೆಯದೋ ಹುಲ್ಲು ಅವರದು. ಬತ್ತಿ ಉರಿಯುವಷ್ಟು ಹೊತ್ತು ಯಾರೂ ಕುರ್ಚಿ ಬಿಟ್ಟು ಏಳುವಂತಿಲ್ಲ, ಕತ್ತು ತಿರುಗಿಸುವಂತಿಲ್ಲ, ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಎಲ್ಲರ ಕಣ್ಣೂ ಉರಿಯ ಮೇಲೆ.

ಈ ವರ್ಷ ಅದೇ ಸಂಜೆ ಹುಲ್ಲುಗಾವಲಿನ ಗೇಟಿನ ಹತ್ತಿರ ಆಮಸ್ ಟಕ್ಕೆಟ್ ತಲೆ ಒಡೆದು ಬಿದ್ದಿದ್ದ. ಆಮಸ್ ಅಜ್ಜ ಹುಲ್ಲುಗಾವಲಿನ ಕಾವಲಿನವನು. ಹರಾಜು ಮುಗಿಯುವವರೆಗೆ ಲಾಂದ್ರ ಹಿಡಿದು ಗೇಟಿನಲ್ಲಿ ಕಾಯುವುದು, ಗೆದ್ದವನ ಹೆಸರನ್ನು ಅಲ್ಲಿ ಕೂಗುವುದು ಅವನ ಕೆಲಸ. ಪಕ್ಕದಲ್ಲಿ ಮಂಡಿಯೂರಿ ಕೂತಿದ್ದವನು ರೂಬೆನ್ ಆರ್ಚರ್ಡ್, ಗುಡ್ಡದ ಓಣಿಯ ಟ್ಯಾಮ್ಸಿನಳ ಮಗ. ಕೈಯೆಲ್ಲ ರಕ್ತ, ಜೇಬಿನಲ್ಲಿ ಮೊಲದ ಉರುಲು. ಯಾರೂ ಕರೆಯುವ ಮೊದಲೇ ಪೊಲೀಸ್ ಸಾರ್ಜೆಂಟ್ ಯೀಟ್ ಅಲ್ಲಿಗೆ ಬಂದು ಅವನ ರಟ್ಟೆ ಹಿಡಿದಿದ್ದರು. ಎಷ್ಟು ಚುರುಕು ಎಂದು ಊರೇ ಹೊಗಳಿತು.

ರೂಬೆನ್ ಈಗ ಲಾಕಪ್ಪಿನಲ್ಲಿದ್ದಾನೆ, ಅಜ್ಜ ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾನೆ. ಅಜ್ಜ ಸತ್ತರೆ ಹುಡುಗನಿಗೆ ನೇಣು. ಊರಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಮಿಕ್ಕವರೆಲ್ಲ ಮೇಣದ ಮುಂದೆ ಕೂತಿದ್ದರಲ್ಲ!

ನಾನೊಬ್ಬಳು ಕೂತಿರಲಿಲ್ಲ. ದವಡೆ ಹಲ್ಲು ಕೀಳಿಸಿಕೊಳ್ಳಲು ಪೇಟೆಗೆ ಹೋದವಳು ರಾತ್ರಿ ತಂಗಿಯ ಮನೆಯಲ್ಲಿ ಉಳಿದೆ. ನನ್ನ ಕುರ್ಚಿಯಲ್ಲಿ ಕೂತು ಕೂಗುಗಳನ್ನು ಬರೆದುಕೊಂಡವಳು ನನ್ನ ಮಗಳು ಜೂಡಿತ್. ಮರುದಿನ ಊದಿದ ಕೆನ್ನೆ ಹೊತ್ತುಕೊಂಡು ಬಂದು ಓದುಮನೆ ಗುಡಿಸಿದೆ. ಮೇಜಿನ ಕೆಳಗೆ ಎರಡು ಸುಟ್ಟ ಕಡ್ಡಿ ಸಿಕ್ಕವು. ಒಂದು ಕಡ್ಡಿಗೆ ಬತ್ತಿ ಹೊತ್ತಿರಲಾರದು ಎಂದುಕೊಂಡೆ. ಅಡುಗೆಮನೆಯ ಕಲ್ಲುನೆಲವನ್ನು ಯಾರೋ ತಿಕ್ಕಿ ತೊಳೆದಿದ್ದರು. ನಾನಿಲ್ಲದಾಗ ಇವರಿಗೆ ಎಂಥ ಶ್ರದ್ಧೆ ಬಂತಪ್ಪ ಎಂದು ಖುಷಿಪಟ್ಟೆ. ಆಮೇಲೆ ಬತ್ತಿಯ ತುಂಡನ್ನು ಡಬ್ಬಿಗೆ ಹಾಕಲು ಕೈಗೆತ್ತಿಕೊಂಡವಳು ಅಲ್ಲೇ ಕೂತುಬಿಟ್ಟೆ.

ಅದನ್ನೇ ಈಗ ಮೇಜರ್ ಎದುರು ಹಿಡಿದೆ, ಕೈಗೆ ಮಾತ್ರ ಕೊಡಲಿಲ್ಲ.

“ನೋಡಿ. ಸೂಜಿ ಚುಚ್ಚಿದ ಗುರುತು ಇಲ್ಲಿದೆ. ಸೂಜಿ ಯಾವಾಗ್ಲೂ ಜನರ ಕಡೆಗೇ ಇರುತ್ತೆ, ಹೌದಾ? ಮೇಣ ಎಲ್ಲ ಅದೇ ಕಡೆಗೆ, ಬೀದಿ ಬಾಗಿಲಿನ ಕಡೆಗೇ ಸುರಿದಿದೆ. ಅಂದ್ರೆ ಗಾಳಿ ಬಂದಿದ್ದು ಎದುರುಗಡೆಯಿಂದ. ಅಡುಗೆಮನೆ ಬಾಗಿಲಿಂದ.”

“ಹಳೇ ಕಟ್ಟಡ, ಮಿಸೆಸ್ ಪೆಲ್. ಸಂದಿಯಿಂದ ಗಾಳಿ ನುಗ್ಗುತ್ತೆ.”

“ಡಬ್ಬೀಲಿರೋ ಹಳೇ ತುಂಡುಗಳಲ್ಲಿ ಒಂದಕ್ಕೂ ನುಗ್ಗಿಲ್ವಲ್ಲ? ಬತ್ತಿ ಉರಿಯೋವಾಗ ಯಾರೋ ಬಾಗಿಲು ತೆಗೆದಿದ್ದಾರೆ. ಬತ್ತಿ ಹಿಂದೆ ಜನರ ಕಡೆ ಮುಖ ಮಾಡಿ ಕೂತವ್ರು ನೀವು, ನನ್ನ ಮಗಳು, ಇಬ್ರೇ. ಹೇಳಿ, ಯಾರು ಎದ್ದಿದ್ದು?”

ಮೇಜರ್ ಕೈಗವಸು ಸರಿಮಾಡಿಕೊಂಡರು. ಯುದ್ಧದಲ್ಲಿ ಎಡಗೈಯ ಎರಡು ಬೆರಳು ಕಳೆದುಕೊಂಡವರು; ಮಾತು ತೋಚದಿದ್ದಾಗ ಆ ಕೈ ತಡಕಾಡುತ್ತದೆ.

“ನಾನು ಬತ್ತಿ ನೋಡ್ತಿದ್ದೆ.”

ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಬೇಕರಿಯವನೂ ಇದನ್ನೇ ಹೇಳಿದ್ದ, ಪಾದ್ರಿಗಳೂ ಇದನ್ನೇ ಹೇಳಿದ್ದರು. ಅನ್ನ ಹಾಕಿ ಬೆಳೆಸಿದ ನನ್ನ ಮಗಳೂ ತಟ್ಟೆಯಿಂದ ಕಣ್ಣೆತ್ತದೆ ಇದನ್ನೇ ಹೇಳಿದ್ದಳು: “ನಾನು ಬತ್ತಿ ನೋಡ್ತಿದ್ದೆ, ಅಮ್ಮ.”

“ಎಲ್ರಿಗೂ ಒಬ್ರೇ ಮೇಷ್ಟ್ರು ಪಾಠ ಹೇಳಿಕೊಟ್ಟ ಹಾಗಿದೆ,” ಎಂದೆ.

ಮೇಜರ್ ಒಂದು ಹೆಜ್ಜೆ ಹತ್ತಿರ ಬಂದರು. ದನಿ ತಗ್ಗಿತು, ಒರಟಾಗಲಿಲ್ಲ. ಅವರು ಕೆಟ್ಟವರಲ್ಲ ಎಂಬುದು ನನಗೆ ಗೊತ್ತು, ಅದಕ್ಕೇ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

“ಡಾರ್ಕಸ್, ಹುಲ್ಲುಗಾವಲಿನ ಷರತ್ತು ನಿಮಗೆ ನಾನು ಹೇಳಬೇಕಾ? ಬತ್ತಿ ನಡುವೆ ಆರಬಾರದು, ಕೂತವರು ಏಳಬಾರದು. ಒಂದು ವರ್ಷ ತಪ್ಪಿದ್ರೂ ಹುಲ್ಲುಗಾವಲು ಅದನ್ನ ಊರಿಗೆ ಬಿಟ್ಟುಕೊಟ್ಟ ಎಸ್ಟೇಟಿನವರಿಗೆ ವಾಪಸ್. ಅವ್ರು ಅಲ್ಲಿ ಜಲ್ಲಿ ಅಗೆಯೋಕೆ ಯಂತ್ರ ತಂದು ನಿಲ್ಲಿಸ್ಕೊಂಡಿದ್ದಾರೆ. ಊರಿನ ನಲವತ್ತು ಮನೆ ಹಸುಗಳು ಏನು ತಿನ್ಬೇಕು? ನಿಮ್ಮ ನೋಟೀಸಾ?”

“ರೂಬೆನ್ ಏನು ಮಾಡ್ಬೇಕು?”

“ಅವನಿಗೆ ಒಳ್ಳೇ ವಕೀಲರನ್ನ ನಾನೇ ಇಡಿಸ್ತೀನಿ.”

“ವಕೀಲರು ಅವನ ಪರ ಮಾತಾಡ್ತಾರೆ, ಸಾಹೇಬ್ರೆ. ಅವನಿಗೆ ಬೇಕಾಗಿರೋದು ನಿಮ್ಮ ಬಾಯಿಂದ ಒಂದು ನಿಜ.”

“ನಿಮ್ಮ ಹಟಕ್ಕೆ ಊರು ಹಾಳಾಗುತ್ತೆ.”

“ಆಗ್ಲಿ ಬಿಡಿ! ಒಬ್ಬ ಹುಡುಗನ ಕುತ್ತಿಗೆ ಕೊಟ್ಟು ಉಳಿಸ್ಕೊಂಡ ಹುಲ್ಲನ್ನ ನಿಮ್ಮ ಹಸು ತಿನ್ನಬಹುದು. ಆ ಹಾಲು ನನ್ನ ಟೀಗೆ ಬೇಡ.”

ಹೇಳಿದ ಮಾತು ಊರು ಸುತ್ತಲು ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಮರುದಿನದಿಂದ ನನ್ನ ಬಾಗಿಲಿಗೆ ಹಾಲು ಬರುವುದು ನಿಂತಿತು. ಬೇಕರಿಯಲ್ಲಿ ಬ್ರೆಡ್ಡು ಕಣ್ಣೆದುರಿಗೇ ಇದ್ದರೂ ನನ್ನ ಪಾಲಿಗೆ ಖಾಲಿಯಾಗಿತ್ತು. ನಾಲ್ಕನೆಯ ನೋಟೀಸೂ ಹರಿಯಿತು, ಐದನೆಯದೂ ಹರಿಯಿತು. ಆರನೆಯದನ್ನು ಅಂಟಿಸಿ, ಪಕ್ಕದಲ್ಲೇ ಮಡಚುಕುರ್ಚಿ ಹಾಕಿಕೊಂಡು ಕೂತು ಸ್ವೆಟರ್ ಹೆಣೆದೆ. ಹರಿಯುವವರು ನನ್ನ ಮುಖ ನೋಡಿಕೊಂಡು ಹರಿಯಲಿ ಎಂದು ಕಾದೆ. ಯಾರೂ ಬರಲಿಲ್ಲ. ಬಂದವಳು ಟ್ಯಾಮ್ಸಿನ್ ಒಬ್ಬಳು, ಫ್ಲಾಸ್ಕಿನಲ್ಲಿ ಕಪ್ಪು ಟೀ ಹಿಡಿದುಕೊಂಡು.

“ಹಾಲಿಲ್ಲ ಕಣೆ,” ಎಂದಳು. “ನನಗೂ ನಿಲ್ಸಿದ್ದಾರೆ.”

“ಹಾಗಾದ್ರೆ ಇಬ್ರಿಗೂ ಅಭ್ಯಾಸ ಆಗುತ್ತೆ ಬಿಡು.”

ಅವಳು ನನ್ನ ಕಾಲ ಬಳಿ ಮೆಟ್ಟಿಲ ಮೇಲೆ ಕೂತಳು. “ಅವ್ನು ಓಡಿಹೋಗ್ಬಹುದಿತ್ತು, ಡಾರ್ಕಸ್. ಮೊಲ ಹಿಡಿಯೋನಿಗೆ ಓಡೋಕೆ ಬರಲ್ವಾ? ಅಜ್ಜ ಉಸಿರಾಡ್ತಿದ್ದ ಅಂತ ಪಕ್ಕದಲ್ಲೇ ಕೂತ. ಆ ತಪ್ಪಿಗೆ ಅವನನ್ನ ಕೊಲ್ತಾರೆ.”

ಅವಳ ಹೆಗಲ ಮೇಲೆ ಕೈ ಇಟ್ಟುಕೊಂಡೇ ಟೀ ಮುಗಿಸಿದೆ.

ಸಭೆಯ ಸಂಜೆ ಓದುಮನೆ ತುಂಬಿತು. ಬರುವುದಿಲ್ಲ ಎಂದವರೇ ಮೊದಲು ಬಂದಿದ್ದರು. ಮೇಜರ್ ಮೇಜಿನ ಹಿಂದೆ ಕೂತು, ಗಂಟಲು ಸರಿಮಾಡಿಕೊಂಡು, ಸಭೆ ಶುರು ಎಂದರು. ಸಾರ್ಜೆಂಟ್ ಯೀಟ್ ಬೀದಿ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದರು. ಅವರು ಪಕ್ಕದೂರಿನ ಠಾಣೆಯವರು. ನಮ್ಮೂರ ಮತದಾರರಲ್ಲದ್ದರಿಂದ ಮೇಣದ ಸಂಜೆ ಅವರಿಗೆ ಕುರ್ಚಿಯಿಲ್ಲ. ಹುಲ್ಲಿನಲ್ಲಿ ಪಾಲಿಲ್ಲದ ಟ್ಯಾಮ್ಸಿನಳಿಗೂ ಇಲ್ಲ. ಅವಳು ಬಾಗಿಲ ಇನ್ನೊಂದು ಬದಿಗೆ ನಿಂತಳು.

“ಮೇಣದ ಸಂಜೆ ಯಾರು ಎಲ್ಲಿ ಕೂತಿದ್ರೋ ಅಲ್ಲೇ ಕೂತ್ಕೊಳ್ಳಿ,” ಎಂದೆ. “ಜೂಡಿತ್, ನೀನೂ. ನನ್ನ ಕುರ್ಚಿಗೆ ಬಾ.”

ಜೂಡಿತ್ ಬಂದು ಮೇಜರ್ ಪಕ್ಕ, ಅಡುಗೆಮನೆ ಬಾಗಿಲಿಗೆ ಬೆನ್ನು ಹಾಕಿ ಕೂತಳು. ಮುಖ ಬಿಳುಚಿಕೊಂಡಿತ್ತು. ಅದೇ ಪೊಟ್ಟಣದ ಇನ್ನೊಂದು ಬತ್ತಿಯನ್ನು ಮೇಜಿನ ಮೇಲಿಟ್ಟು, ಜನರ ಕಡೆಗೆ ಸೂಜಿ ಚುಚ್ಚಿ, ಹಚ್ಚಿದೆ. ಮಿಕ್ಕ ದೀಪಗಳನ್ನು ಆರಿಸಿದೆ.

“ಇದೇನು ಸರ್ಕಸ್ಸಾ?” ಎಂದ ಬೇಕರಿಯವನು.

“ಹೌದು. ಟಿಕೆಟ್ ಇಲ್ಲ. ಸುಮ್ನೆ ನೋಡು.”

ಅಡುಗೆಮನೆಯ ಬಾಗಿಲು ತೆರೆದೆ. ಉರಿ ಒಂದಿಷ್ಟು ನಡುಗಿತು, ಮತ್ತೆ ನೆಟ್ಟಗಾಯಿತು. ಮೇಣದ ಒಂದು ತೊಟ್ಟೂ ಜಾರಲಿಲ್ಲ.

ಮೇಜರ್ ಮುಖದಲ್ಲಿ ನೆಮ್ಮದಿ ಕಂಡಿತು. “ಆಯ್ತಲ್ಲ, ಮಿಸೆಸ್ ಪೆಲ್? ಬಾಗಿಲು ತೆಗೆದ್ರೂ ನಿಮ್ಮ ಗಾಳಿ ಬರಲಿಲ್ಲ.”

ನನಗೆ ನಾಚಿಕೆಯಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟ್ಯಾಮ್ಸಿನ್ ನನ್ನನ್ನೇ ನೋಡುತ್ತಿದ್ದಳು, ತನ್ನ ಮಗನ ಜೀವವನ್ನು ನನ್ನ ಕೈಗೆ ಕೊಟ್ಟವಳ ಹಾಗೆ. ಇಷ್ಟಕ್ಕೇ ಬಿಟ್ಟುಬಿಡುವ ಹೆಂಗಸು ನಾನಲ್ಲ. ಅಡುಗೆಮನೆಯೊಳಗೆ ಹೋದೆ. ಅಲ್ಲಿಂದ ಹಿತ್ತಲಿಗೆ ಇನ್ನೊಂದು ಬಾಗಿಲಿದೆ. ಸೊಂಟದಿಂದ ಬೀಗದಕೈ ತೆಗೆದು ಹಿಂಬಾಗಿಲನ್ನೂ ತೆರೆದೆ.

ಗುಡ್ಡದ ಗಾಳಿ ನನ್ನ ಏಪ್ರನ್ನನ್ನು ಮುಖಕ್ಕೆ ಬಡಿದು ಒಳನುಗ್ಗಿತು. ಬತ್ತಿ ಆರಿಯೇ ಹೋಯಿತು.

ಕಗ್ಗತ್ತಲೆ. ಹಿಂಬಾಗಿಲನ್ನು ಎಳೆದು ಮುಚ್ಚಿ, ಒಳಬಾಗಿಲ ಚೌಕಟ್ಟು ಹಿಡಿದು ನಿಂತು ಕಿವಿಗೊಟ್ಟೆ. ಇದ್ದಕ್ಕಿದ್ದಂತೆ ದೀಪ ಆರಿದರೆ ಜನ ಅಯ್ಯೋ ಎನ್ನುತ್ತಾರೆ, ಕುರ್ಚಿ ಎಳೆಯುತ್ತಾರೆ, ಯಾರಾದರೂ ನಗುತ್ತಾರೆ. ಇಲ್ಲಿ ಒಂದು ಸದ್ದೂ ಏಳಲಿಲ್ಲ. ಇಡೀ ಊರು ಕತ್ತಲಲ್ಲಿ ಕದಲದೆ ಕೂತಿತ್ತು. ಇವರಿಗೆ ಇದು ಹೊಸದಲ್ಲ ಎಂದು ನನಗೆ ಹೊಳೆಯುವ ಹೊತ್ತಿಗೆ ಕಡ್ಡಿ ಗೀರಿದ ಸದ್ದಾಯಿತು.

ಬೆಳಕಿನಲ್ಲಿ ಮೊದಲು ಕಂಡದ್ದು ಮೇಜರ್ ಮುಖ. ಎಡಗೈಯಲ್ಲಿ ಎರಡು ಬೆರಳಿಲ್ಲದ್ದರಿಂದ ಕಡ್ಡಿಪೆಟ್ಟಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಕೈ ತಾನಾಗಿ ಬತ್ತಿಯ ಕಡೆಗೆ ಹೋಗಿ, ಹಚ್ಚಿ, ಆಮೇಲೆ ತಾನು ಮಾಡಿದ್ದೇನೆಂದು ತಿಳಿದು ಗಾಳಿಯಲ್ಲೇ ನಿಂತಿತು.

“ಎರಡನೇ ಕಡ್ಡಿ,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಬತ್ತಿ ಆರಿತ್ತು. ನೀವು ಮತ್ತೆ ಹಚ್ಚಿದ್ರಿ. ಎಲ್ರೂ ನೋಡಿದ್ರಿ! ನಲವತ್ತು ಮನೆಯವರೂ ನೋಡಿ, ಬಾಯಿ ಮುಚ್ಕೊಂಡು, ಆ ಹುಡುಗನನ್ನ ಪೊಲೀಸರ ಕೈಗೆ ಕೊಟ್ರಿ.”

ಮೇಜರ್ ಪೆಟ್ಟಿಗೆಯನ್ನು ಬಾಯಿಂದ ತೆಗೆದರು. “ಒಂದು ಗಳಿಗೆ ಕತ್ತಲೆಗೆ ಹುಲ್ಲುಗಾವಲು ಕಳ್ಕೊಳ್ಬೇಕಿತ್ತಾ? ಯಾರೋ ಗಾಳಿಗೆ ಬಾಗಿಲು ತೆಗೆದ್ರು, ಅಷ್ಟೇ ಅಂದ್ಕೊಂಡ್ವಿ. ಅಜ್ಜನ ವಿಷ್ಯ ಆಮೇಲೆ ಗೊತ್ತಾಗಿದ್ದು. ಆಗ ಹೇಳೋಕೆ... ಆಗ ತಡವಾಗಿತ್ತು.”

“ಯಾರೋ ಅಂದ್ರೆ ಯಾರು?”

“ನಾನು,” ಎಂದಳು ಜೂಡಿತ್.

ಅವಳು ಎದ್ದು ನಿಂತಿದ್ದಳು. ಅಧ್ಯಕ್ಷರು ಬೇಡವೆಂದು ಕೈಯಾಡಿಸಿದರೂ ಕೂರಲಿಲ್ಲ. ಹಟ ಹಿಡಿದು ತೆರೆದ ಬಾಗಿಲು ನನ್ನ ಮನೆಯೊಳಕ್ಕೇ ತೆರೆಯಬೇಕೇ?

“ಇದನ್ನ ಬರ್ಕೊಳ್ಳೋದು ಬೇಡ ಅಲ್ವಾ, ಮಿಸೆಸ್ ಪೆಲ್?” ಎಂದರು ಮೇಜರ್ ಮೆಲ್ಲಗೆ.

“ಬರ್ಕೊಳ್ತೀನಿ. ಒಂದಕ್ಷರ ಬಿಡದೆ ಬರ್ಕೊಳ್ತೀನಿ. ಹೇಳು, ಜೂಡಿತ್.”

“ಅಡುಗೆಮನೇಲಿ ಏನೋ ದೊಪ್ಪಂತ ಬಿತ್ತು. ನನ್ನ ಕುರ್ಚಿ ಬಾಗಿಲ ಹತ್ರ ಇದ್ದಿದ್ರಿಂದ ನನಗೊಬ್ಬಳಿಗೇ ಕೇಳಿಸ್ತು. ಬೆಕ್ಕು ಇರ್ಬೇಕು ಅಂತ ಬಾಗಿಲು ತೆಗೆದೆ. ಗಾಳಿ ನುಗ್ಗಿ ದೀಪ ಆರಿತು. ಮೇಜರ್ ‘ಕೂತ್ಕೋ’ ಅಂದ್ರು, ನಾನು ಬಾಗಿಲು ಎಳ್ಕೊಂಡು ಕೂತೆ. ಒಳಗೆ ಕತ್ತಲು, ಏನೂ ಕಾಣಿಸ್ಲಿಲ್ಲ. ಊರಿಗೆ ಊರೇ ಹೇಳ್ಬೇಡ ಅಂತು, ಅಮ್ಮ. ನಾನು ಹೇಡಿ.”

“ನೀನು ತೆಗೆದಿದ್ದು ಈ ಒಳಬಾಗಿಲು ಮಾತ್ರ?”

“ಅದೊಂದೇ.”

ಒಳಬಾಗಿಲೊಂದರಿಂದ ಬತ್ತಿ ಆರುವುದಿಲ್ಲ. ಅದನ್ನು ಈಗ ತಾನೇ ಊರೆಲ್ಲ ಕಣ್ಣಾರೆ ನೋಡಿತ್ತು. ಜೂಡಿತ್ ತೆರೆಯುವ ಮೊದಲೇ ಹಿಂಬಾಗಿಲನ್ನು ಬೇರೆ ಯಾರೋ ತೆರೆದಿದ್ದರು. ಆ ಬಾಗಿಲಿಗೆ ಇರುವುದು ಒಂದೇ ಬೀಗದಕೈ.

ಅದನ್ನು ಎತ್ತಿ ಎಲ್ಲರಿಗೂ ತೋರಿಸಿದೆ.

“ಇದನ್ನ ಅವತ್ತು ಪೇಟೆಗೆ ಹೊರಡೋ ಮುಂಚೆ ನಾನು ಕೊಟ್ಟಿದ್ದು ಆಮಸ್ ಅಜ್ಜನ ಕೈಗೆ. ಒಲೆಗೆ ಕಲ್ಲಿದ್ದಲು ತಂದು ಹಾಕ್ಬೇಕಿತ್ತಲ್ಲ, ಅದಕ್ಕೆ.”

ಅಜ್ಜ ಹುಲ್ಲುಗಾವಲಿನ ಗೇಟಿನಲ್ಲಿರಲಿಲ್ಲ. ಈ ಗೋಡೆಯ ಆಚೆ, ಯಾರೋ ತೊಳೆದದ್ದಕ್ಕೆ ನಾನು ಖುಷಿಪಟ್ಟ ಆ ಕಲ್ಲುನೆಲದ ಮೇಲೆ ಬಿದ್ದಿದ್ದ. ಇಡೀ ಊರು ಗೋಡೆಯ ಈಚೆ ಕೂತು ಬತ್ತಿ ನೋಡುತ್ತಿತ್ತು. ಆಮೇಲೆ ಯಾರೋ ಅವನನ್ನು ಹೊತ್ತುಕೊಂಡು ಹೋಗಿ ಗೇಟಿನ ಹತ್ತಿರ ಹಾಕಿದ್ದರು.

“ಅಯ್ಯೋ ದೇವರೇ,” ಎಂದರು ಪಾದ್ರಿಗಳು.

“ದೇವರನ್ನ ಆಮೇಲೆ ಕರೆಯೋಣ. ಅಜ್ಜ ಆಸ್ಪತ್ರೇಲಿ ಕಣ್ಣು ಬಿಟ್ಟಿಲ್ಲ. ಮರುದಿನ ನಾನು ಬಂದಾಗ ಈ ಬೀಗದಕೈ ಮಾಮೂಲಿನ ಹಾಗೆ ನಮ್ಮನೆ ಅಡುಗೆಮನೆ ಮೊಳೆಗೆ ನೇತಾಡ್ತಿತ್ತು. ಅಜ್ಜನೇ ಇಟ್ಟು ಹೋಗಿರ್ಬೇಕು ಅಂತ ನಾನೂ ಸುಮ್ಮನಾದೆ. ಜೂಡಿತ್, ಮನೇಲಿದ್ದವಳು ನೀನು. ಅದನ್ನ ತಂದುಕೊಟ್ಟಿದ್ದು ಯಾರು?”

ಜೂಡಿತ್ ಹುಬ್ಬು ಗಂಟಿಕ್ಕಿದಳು. ಅದಕ್ಕೆ ಬೆಲೆಯಿದೆ ಎಂದು ಈ ಗಳಿಗೆಯವರೆಗೆ ಅವಳಿಗೆ ಹೊಳೆದೇ ಇರಲಿಲ್ಲ. ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ನೆನಪಾದೊಡನೆ ಕಣ್ಣು ಅಗಲವಾಯಿತು. ಉತ್ತರ ಹೇಳಲು ಬಾಯಿ ತೆರೆದಳು.

ಉರಿ ಬಾಗಿತು.

ಅಡುಗೆಮನೆಯ ಗಾಳಿಗೆ ಬಾಗಿದ್ದಲ್ಲ. ಈ ಸಲ ಅದು ಅಡುಗೆಮನೆಯ ಕಡೆಗೇ ಬಾಗಿತ್ತು. ಯಾರೋ ಬೀದಿ ಬಾಗಿಲು ತೆರೆದಿದ್ದರು. ಮೇಜರ್ ಅಂಗೈ ಅಡ್ಡ ಹಿಡಿದು ಉರಿಯನ್ನು ಕಾಪಾಡಿದರು. ಕತ್ತು ತಿರುಗಿಸಬಾರದೆಂಬ ಕಟ್ಟಳೆಯನ್ನು ಮರೆತು ನಲವತ್ತು ಮನೆಯವರೂ ಒಟ್ಟಿಗೆ ತಿರುಗಿದರು.

ಬಾಗಿಲಿಗೆ ಅಡ್ಡಲಾಗಿ, ಎರಡೂ ಕೈ ಚಾಚಿ, ಟ್ಯಾಮ್ಸಿನ್ ನಿಂತಿದ್ದಳು.

“ಎಲ್ಲಿಗೆ ಹೊರಟ್ರಿ, ಸಾರ್ಜೆಂಟ್ ಸಾಹೇಬ್ರೆ?” ಎಂದಳು. “ಬತ್ತಿ ಇನ್ನೂ ಉರೀತಿದೆ.”